ಅಪ್ರದಕ್ಷಿಣೆಯ ಆಟ

ಕ್ರಿಕೆಟ್ಟಿನಲ್ಲಿ ಪಳಗಿದ ಕಣ್ಣಿಗೆ ಬೇಸ್‌ಬಾಲ್ ಸುಲಭವಾಗಿ ದಕ್ಕೀತೆಂಬುದು ಸಹಜವಾದ ಊಹೆ. ಎರಡರಲ್ಲಿಯೂ ಚೆಂಡುಂಟು, ದಾಂಡುಂಟು, ಓಟವುಂಟು. 1844ರಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳು ನ್ಯೂಯಾರ್ಕಿನಲ್ಲಿ ಎದುರಾದದ್ದು ಕ್ರಿಕೆಟ್ಟಿನಲ್ಲಿಯೇ. ಅದೇ ಊರಿನ ನಿಕರ್‌ಬಾಕರ್ ಕ್ಲಬ್ಬು ಬೇಸ್‌ಬಾಲಿನ ನಿಯಮಗಳನ್ನು ಬರೆದಿಟ್ಟದ್ದು ಮರುವರ್ಷ. ಆದರೆ ನೆರೆಯ ನುಡಿಗಳನ್ನು ಕಲಿಯುವವರನ್ನು ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ಮಲಯಾಳಿಗಳು ‘ಸಂಸಾರ’ ಎಂದರೆ ಅದು ಮಾತುಕತೆ.

ಬೊಮ್ಮನಹಳ್ಳಿಯ ನಿವೃತ್ತ ಗಣಿತ ಅಧ್ಯಾಪಕರೊಬ್ಬರು 2023ರ ಬೇಸಿಗೆಯಲ್ಲಿ ಪತ್ನಿಯೊಡನೆ ಕ್ಯಾಲಿಫೋರ್ನಿಯದ ಮಗನ ಮನೆಗೆ ಹೋಗಿದ್ದರು. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯವನ್ನು, ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರೂ ಪದಾರ್ಪಣೆ ಮಾಡಿದ ಪಂದ್ಯವನ್ನು, ಕಣ್ಣಾರೆ ಕಂಡವರು ಅವರು. ಜೀವಮಾನವೆಲ್ಲ ಇತರರಿಗೆ ವಿವರಿಸುತ್ತ ಬಂದವರಿಗೆ ಮಗನ ಮನೆಯಲ್ಲಿ ಎರಡು ತಿಂಗಳಿಂದ ವಿವರಿಸಲು ಏನೂ ಉಳಿದಿರಲಿಲ್ಲ. ಒಲೆ ಹಚ್ಚುವುದನ್ನೂ ರಸ್ತೆ ದಾಟುವುದನ್ನೂ ಅವರಿಗೇ ಇತರರು ಹೇಳಿಕೊಡಬೇಕಾಗಿತ್ತು. ಆದ್ದರಿಂದ ಮಗ ಸ್ಯಾನ್ ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕಿನ ಪಂದ್ಯಕ್ಕೆ ಟಿಕೆಟ್ಟು ತಂದಾಗ ಅವರ ಮುಖ ಅರಳಿತು. ಕ್ರಿಕೆಟ್ಟಿನ ಗಂಧವೂ ಇಲ್ಲದ ಪತ್ನಿಗೆ ರೈಲಿನುದ್ದಕ್ಕೂ ಪಾಠವಾಯಿತು.

2000ದಲ್ಲಿ ತೆರೆದ ಆ ಕ್ರೀಡಾಂಗಣದ ಬಲಗೋಡೆಯಾಚೆಗೆ ಕೊಲ್ಲಿಯ ನೀರು. ಗೋಡೆ ದಾಟಿ ನೀರಿಗೆ ಬೀಳುವ ಚೆಂಡನ್ನು ಹಿಡಿಯಲೆಂದು ಸಣ್ಣ ದೋಣಿಗಳಲ್ಲಿ ಕಾದು ಕುಳಿತವರಿರುತ್ತಾರೆ. ಒಳಗೆಲ್ಲ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆಯ ಕಡ್ಡಿಗಳದೇ ಘಾಟು. ಅಲ್ಲಿಯ ಹೆಸರುವಾಸಿ ತಿನಿಸು ಅದು. ಗಡ್ಡೆಗೆಣಸು ಮುಟ್ಟದ ದಂಪತಿಗಳು ಮನೆಯಿಂದ ತಂದ ಅವಲಕ್ಕಿಯ ಡಬ್ಬಿ ತೆರೆದರು.

ಎರಡನೆಯ ಇನ್ನಿಂಗ್ಸಿಗೇ ಅಧ್ಯಾಪಕರ ಪಾಠ ಕುಸಿಯತೊಡಗಿತು. ದಾಂಡಿಗನೊಬ್ಬನ ಹೊಡೆತ ಬಲಕ್ಕೆ ಅಡ್ಡಲಾಗಿ, ವಿಶ್ವನಾಥರ ಸ್ಕ್ವೇರ್ ಕಟ್ ಹೋಗುತ್ತಿದ್ದ ದಿಕ್ಕಿಗೇ ಚಿಮ್ಮಿದಾಗ ಅವರು ಎದ್ದು ಚಪ್ಪಾಳೆ ತಟ್ಟಿದರು. ಸುತ್ತಲಿನವರಾರೂ ತಟ್ಟಲಿಲ್ಲ. ಅದು ಫೌಲ್. ಕ್ರಿಕೆಟ್ಟಿನಲ್ಲಿ ಸುತ್ತಲಿನ ಭೂಮಿಯೆಲ್ಲ ದಾಂಡಿಗನದು; ಇಲ್ಲಿ ಎದುರಿನ ತೊಂಬತ್ತು ಡಿಗ್ರಿಯ ಕೋನವಷ್ಟೇ ಸಲ್ಲುವ ನೆಲ. ವಿಶ್ವನಾಥರನ್ನು ವಿಶ್ವನಾಥರನ್ನಾಗಿಸಿದ ಆ ಹೊಡೆತ ಇಲ್ಲಿ ದೋಷವೆಂಬುದು ಅವರಿಗೆ ಅನ್ಯಾಯವೆಂದೇ ತೋರಿತು. ತಮ್ಮ ವಾದವನ್ನು ಮಗನ ಮುಂದಿಟ್ಟರು. ಮಗ ನಕ್ಕ, ಅವರು ನಗಲಿಲ್ಲ.

ಪತ್ನಿ ಈ ವಾದದ ಕಡೆ ಕಿವಿಗೊಟ್ಟಿರಲಿಲ್ಲ. ಅವರು ಚೆಂಡನ್ನೂ ನೋಡುತ್ತಿರಲಿಲ್ಲ, ಓಡುವವರನ್ನು ನೋಡುತ್ತಿದ್ದರು. “ಅಪ್ರದಕ್ಷಿಣೆಯಾಗಿ ಓಡ್ತಾರಲ್ಲೇ ಪುಟ್ಟಿ, ನಮ್ಮ ಚೌಕಾಬಾರದ ಹೊರಸುತ್ತಿನ ಹಾಗೆ” ಎಂದು ಮೊಮ್ಮಗಳಿಗೆ ಹೇಳಿದರು. ನೋಡಿದರೆ ನಿಜ. ತೊಂಬತ್ತು ಅಡಿಗಳ ಭುಜದ ಚೌಕ. ಮೂರು ಮೂಲೆಗಳಲ್ಲಿ ಮೂರು ಕಟ್ಟೆಗಳು. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ, ನಡುದಾರಿಯಲ್ಲಿ ಸಿಕ್ಕಿದರೆ ಚೆಂಡು ಮುಟ್ಟಿಸಿ ಕಡಿಯಬಹುದು. ಸುತ್ತು ಮುಗಿಸಿ ಮನೆ ಸೇರಿದರೆ ಕಾಯಿ ಹಣ್ಣಾಯಿತು.

“ಹಣ್ಣು ಅಂದ್ರೆ ಫ್ರೂಟ್ ಅಲ್ವಾ ಅಜ್ಜಿ?”

“ಹೌದು. ಕಾಯಿ ಮನೆಗೆ ಬಂದರೆ ಹಣ್ಣು.”

ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುವ ಆ ಹುಡುಗಿ ಅಂದಿನವರೆಗೆ ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿಯೇ ಉತ್ತರಿಸುತ್ತಿದ್ದಳು. ಆಮೇಲಿನ ಹೊತ್ತೆಲ್ಲ ಪ್ರತಿಯೊಬ್ಬ ಓಟಗಾರನೂ ಅವಳ ಬಾಯಲ್ಲಿ ಕಾಯಿಯೇ. (ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಒಂದು ನಿಧಿಯನ್ನೇ ಆಟಗಳಿಗೆ ಮೀಸಲಿಟ್ಟರು. ನಮ್ಮ ವಿದ್ವಾಂಸರು ಆಟಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.)

ಆರನೆಯ ಇನ್ನಿಂಗ್ಸಿನಲ್ಲಿ ಇನ್ನೊಂದು ತೊಡಕು. ಮೂರನೆಯ ಕಟ್ಟೆಯಲ್ಲಿ ಒಬ್ಬ ನಿಂತಿದ್ದಾನೆ. ದಾಂಡಿಗನು ಎತ್ತರಕ್ಕೆ ಹೊಡೆದ ಚೆಂಡು ದೂರದಲ್ಲಿ ಕ್ಯಾಚ್ ಆಯಿತು. ಅಧ್ಯಾಪಕರು ಮುಗಿಯಿತೆಂದು ಕೈಚೆಲ್ಲಿದರು. ಆದರೆ ಕ್ಯಾಚ್ ಆದ ಮರುಕ್ಷಣ ಕಟ್ಟೆಯವನು ಓಡಿ ಮನೆ ಸೇರಿದ, ರನ್ ಎಣಿಕೆಯಾಯಿತು. “ಔಟಾದ ಮೇಲೆ ರನ್ನೇ?” ಎಂದು ಅವರು ಕೇಳಿದ್ದು ಯಾರನ್ನೆಂದು ಹೇಳಲಾಗದು. ಪತ್ನಿಯೇ ಉತ್ತರಿಸಿದರು: “ಈ ಕಾಯಿ ಕಡಿಸಿಕೊಂಡು ಆ ಕಾಯೀನ ಹಣ್ಣು ಮಾಡಿತಲ್ರೀ.”

ಅಲ್ಲಿಯವರ ಲೆಕ್ಕದ ಪುಸ್ತಕವೂ ಅದನ್ನೇ ಹೇಳುತ್ತದೆ. ಅಂಥ ಹೊಡೆತಕ್ಕೆ ಸ್ಯಾಕ್ರಿಫೈಸ್, ಎಂದರೆ ತ್ಯಾಗ, ಎಂದು ಹೆಸರು. ಹೊಡೆದವನು ಔಟಾದರೂ ಅವನ ಸರಾಸರಿಗೆ ಕುಂದಿಲ್ಲ. ಮಗ ಇದನ್ನು ವಿವರಿಸಿದಾಗ ಗಣಿತದ ಅಧ್ಯಾಪಕರು ಬಹಳ ಹೊತ್ತು ಸುಮ್ಮನಿದ್ದರು. ನಷ್ಟವನ್ನು ಬರೆದುಕೊಂಡೂ ಅಂಕ ಕಳೆಯದ ಪದ್ಧತಿ ಅವರ ಮೌಲ್ಯಮಾಪನದಲ್ಲಿ ಎಂದೂ ಇದ್ದದ್ದಲ್ಲ.

ಕೊಲ್ಲಿಯ ಚಳಿಗಾಳಿ ಏರಿತು. ಪತ್ನಿ ತಮ್ಮ ಶಾಲಿನ ಅರ್ಧವನ್ನು ಮೊಮ್ಮಗಳಿಗೆ ಹೊದಿಸಿದರು. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಎರಡು ಕಟ್ಟೆಗಳಲ್ಲಿ ಇಬ್ಬರು ನಿಂತಿದ್ದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಅಧ್ಯಾಪಕರೂ ಎದ್ದರು. ಮಗನ ಕಡೆಗೆ ತಿರುಗಲಿಲ್ಲ. ಪತ್ನಿಯ ಕಡೆಗೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು:

“ಈಗ ಯಾವ ಕಾಯಿ ನಡೆಯುತ್ತೆ?”

“ತಾಳಿ, ಕವಡೆ ಬೀಳಲಿ” ಎಂದರು ಅವರು, ಕಣ್ಣನ್ನು ಮೂರನೆಯ ಕಟ್ಟೆಯಿಂದ ಕದಲಿಸದೆ.