ಔಷಧದ ಬಲ ಅಳೆದ ಕರುಳಿನ ತುಂಡು

ಕರ್ನಾಟಕದ ಫಾರ್ಮಸಿ ಕಾಲೇಜುಗಳ ಫಾರ್ಮಕಾಲಜಿ ಲ್ಯಾಬು ನಮ್ಮ ತಲೆಮಾರಿನ ಕಣ್ಣೆದುರೇ ಬದಲಾಯಿತು. ಹಿಂದೆ ಪ್ರಾಕ್ಟಿಕಲ್ ಎಂದರೆ ಮಸಿ ಹಿಡಿಸಿದ ಡ್ರಮ್ಮು. ನುಣುಪು ಕಾಗದವನ್ನು ಅದಕ್ಕೆ ಸುತ್ತಿ, ಹೊಗೆಯುಗುಳುವ ಉರಿಯ ಮೇಲೆ ತಿರುಗಿಸಿ ಕಪ್ಪಾಗಿಸುತ್ತಿದ್ದರು. ಗಿನಿಪಿಗ್‌ನ ಸಣ್ಣ ಕರುಳಿನ ಚಿಕ್ಕ ತುಂಡನ್ನು 37 ಡಿಗ್ರಿ ಬಿಸಿಯ ಟೈರೋಡ್ ಎಂಬ ಲವಣ ದ್ರಾವಣವಿರುವ ಆರ್ಗನ್ ಬಾತಿನಲ್ಲಿ ಇಳಿಬಿಟ್ಟು, ಗಾಳಿ ಹಾಯಿಸಿ, ದಾರದಿಂದ ಸನ್ನೆಕೋಲಿಗೆ, ಅಂದರೆ ಲಿವರ್‌ಗೆ, ಕಟ್ಟುತ್ತಿದ್ದರು. ಹಿಸ್ಟಮಿನ್ ಹಾಕಿದರೆ ಕರುಳು ಕುಗ್ಗುತ್ತಿತ್ತು, ಲಿವರ್‌ನ ಮೊನೆ ಮಸಿಯಲ್ಲಿ ಬಿಳಿ ಗೆರೆ ಕೊರೆಯುತ್ತಿತ್ತು. ಆ ಗೆರೆಯ ಎತ್ತರವೇ ಔಷಧದ ಬಲಕ್ಕೆ ಅಳತೆಗೋಲು. ಈಗ ಅಂಥದೇ ಗೆರೆ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ. ಪ್ರಾಣಿ ಪ್ರಯೋಗದ ಮೇಲೆ 1998ರಲ್ಲಿ ಬಂದ ಕೇಂದ್ರದ ನಿಯಮಗಳ ನಂತರ ಈ ಬದಲಾವಣೆ ಬಿರುಸಾಯಿತು. ಅದು ಆಗಬೇಕಾದದ್ದೇ. ಆದರೆ ಪ್ರಾಣಿಯ ಜೊತೆಗೆ ಒಂದು ಮುಖ್ಯ ಪಾಠವೂ ಲ್ಯಾಬಿನಿಂದ ಹೊರಬಿತ್ತು ಎಂಬುದು ನನ್ನ ವಾದ.

ಜೀವವಿರುವ ಅಂಗಾಂಶ ಪ್ರತಿ ಸಲವೂ ಒಂದೇ ಉತ್ತರ ಕೊಡುವುದಿಲ್ಲ ಎಂಬುದೇ ಆ ಪಾಠ. ಅದೇ ಡೋಸಿಗೆ ಹೊಸ ತುಂಡು ಒಂದು ಎತ್ತರಕ್ಕೆ ಗೆರೆ ಎಳೆದರೆ, ದಣಿದ ತುಂಡು ಇನ್ನೊಂದು ಎತ್ತರಕ್ಕೆ ಎಳೆಯುತ್ತದೆ. ಹಾಗಾಗಿ ಬಲ ಗೊತ್ತಿಲ್ಲದ ಔಷಧವನ್ನು ಬಲ ಗೊತ್ತಿರುವ ಸ್ಟ್ಯಾಂಡರ್ಡ್ ಜೊತೆ, ಅದೇ ತುಂಡಿನ ಮೇಲೆ, ಸರದಿಯಂತೆ ಹೋಲಿಸಲೇಬೇಕು. 1920ರ ದಶಕದ ಆರಂಭದಲ್ಲಿ ಇನ್ಸುಲಿನ್ ಬಂದಾಗ, ಮೊಲದ ರಕ್ತದ ಸಕ್ಕರೆಯನ್ನು ನಿಗದಿತ ಮಟ್ಟಕ್ಕೆ ಇಳಿಸುವ ಪ್ರಮಾಣವನ್ನೇ ಯೂನಿಟ್ ಎಂದರು. ಆದರೆ ಮೊಲದಿಂದ ಮೊಲಕ್ಕೆ ಫಲ ಬೇರೆಯಾಗುತ್ತಿತ್ತು. ಔಷಧ ವಿಜ್ಞಾನಿ ಹೆನ್ರಿ ಡೇಲ್ ಮೊದಲಾದವರು ಎಲ್ಲ ದೇಶಗಳೂ ಹೋಲಿಸಿ ನೋಡಬಹುದಾದ ಒಂದೇ ಮಾದರಿಗಾಗಿ ದುಡಿದರು, 1925ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಿದ್ಧವಾಯಿತು. ಸಕ್ಕರೆ ಕಾಯಿಲೆಯವರು ಇಂದು ಎಣಿಸಿ ಚುಚ್ಚಿಕೊಳ್ಳುವ ಯೂನಿಟ್ ಆ ಹೋಲಿಕೆಯ ಬಳುವಳಿ.

ಔಷಧದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವಿರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಇನ್ಸುಲಿನ್ ಮಟ್ಟಿಗೆ ಅವರ ಮಾತು ನಿಜ, ಮೊಲದ ಜಾಗಕ್ಕೆ ಆ ಯಂತ್ರವೇ ಬಂದಿದೆ. ಆದರೆ ಬಾಟಲಿಯಲ್ಲಿ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ; ಅದು ಜೀವಕೋಶದಲ್ಲಿ ಏನು ಮಾಡುತ್ತದೆ ಎಂಬುದನ್ನು ಜೀವಕೋಶವೇ ಹೇಳಬೇಕು. ಅನೇಕ ಲಸಿಕೆಗಳ, ಜೈವಿಕ ಔಷಧಗಳ ಬಲವನ್ನು ಇಂದಿಗೂ ಹಾಗೆಯೇ ಅಳೆಯುತ್ತಾರೆ. ಇದು ಪ್ರಾಣಿಹಿಂಸೆಯ ವಕಾಲತ್ತಲ್ಲವೇ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ತೋರಿಸಲು ಪ್ರಾಣಿಯನ್ನು ಕೊಲ್ಲುವುದು ತಪ್ಪೇ. ಆದರೆ ಪರದೆಯ ಕರುಳು ಪ್ರೋಗ್ರಾಂ ಹೇಳಿದಷ್ಟೇ ದಣಿಯುತ್ತದೆ. ಇದಕ್ಕೊಂದು ದಾರಿಯಿದೆ: ಮಾಂಸದಂಗಡಿಯಲ್ಲಿ ಬಿಸಾಡುವ ಕೋಳಿ ಕರುಳು ತಾಜಾ ಇರುವಾಗ ಆರ್ಗನ್ ಬಾತಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದಕ್ಕಾಗಿ ಹೊಸದಾಗಿ ಒಂದು ಜೀವವನ್ನೂ ತೆಗೆಯಬೇಕಿಲ್ಲ. ಕಾಲೇಜುಗಳು ಪರದೆಯನ್ನು ಉಳಿಸಿಕೊಳ್ಳಲಿ, ಜೊತೆಗೆ ಈ ಪ್ರಾಕ್ಟಿಕಲ್ ಅನ್ನೂ ಮಾಡಿಸಲಿ. ನಾಳೆ ಔಷಧದ ಬಲಕ್ಕೆ ಸಹಿ ಹಾಕುವವರು ಈ ವಿದ್ಯಾರ್ಥಿಗಳೇ.