ಆರ್ಕಿಟೆಕ್ಟ್ ಆಗಲು ಏನು ಓದಬೇಕು?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪ್ರತಿ ಮನೆಯಲ್ಲೂ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ? ಈ ಸಲ ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿತು. ಮೊಮ್ಮಗಳು "ತಾತ, ನಾನು ಆರ್ಕಿಟೆಕ್ಟ್ ಆಗ್ತೀನಿ" ಅಂದಳು.

ನಮ್ಮ ಅಳಿಯಂದಿರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವವರು. "ಮನೆ ಕಟ್ಟೋಕೆ ಮೇಸ್ತ್ರಿ ಇದಾನೆ, ದೊಡ್ಡ ಕೆಲಸಕ್ಕೆ ಎಂಜಿನಿಯರ್ ಇದಾರೆ. ನಡುವೆ ಇನ್ನೊಬ್ಬರು ಯಾಕೆ ಮಾವ? ನಿಮ್ಮ ಹಾಗೆ ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆ ಬರೀಲಿ ಬಿಡಿ" ಎಂದರು.

ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಏನೇ ಆದರೂ ಕಾಲಂ ಎಳೆದು ಬರೆಯದೆ ನನಗೆ ಸಮಾಧಾನವಿಲ್ಲ. ಉದ್ದನೆಯ ನೋಟ್‌ಬುಕ್ ತೆಗೆದೆ. ಯಾವ ಕಾಲೇಜು, ಯಾವ ಪರೀಕ್ಷೆ, ಎಷ್ಟು ವರ್ಷ, ಎಷ್ಟು ಖರ್ಚು ಎಂದು ನಾಲ್ಕು ಕಾಲಂ ಎಳೆದೆ.

ಮೊದಲು ತಿಳಿದದ್ದು ಇದು. ಸಿವಿಲ್ ಎಂಜಿನಿಯರಿಂಗ್ ನಾಲ್ಕು ವರ್ಷ, ಆರ್ಕಿಟೆಕ್ಚರ್ ಅಂದರೆ ಬಿ.ಆರ್ಕ್. ಐದು ವರ್ಷ. ಕಟ್ಟಡ ನಿಲ್ಲುವಂತೆ ಲೆಕ್ಕ ಹಾಕುವುದು ಎಂಜಿನಿಯರ್ ಕೆಲಸ. ಒಳಗಿರುವವರಿಗೆ ಗಾಳಿ ಬೆಳಕು ಹೇಗೆ ಸಿಗಬೇಕು, ಅಡುಗೆಮನೆ ಎಲ್ಲಿರಬೇಕು, ಮನೆ ಹೇಗೆ ಕಾಣಬೇಕು ಎಂದು ಯೋಚಿಸುವುದು ಆರ್ಕಿಟೆಕ್ಟ್ ಕೆಲಸ. 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಹೆಸರಿನ ಜೊತೆ ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳಬಹುದು. ಆದ್ದರಿಂದ ಕೌನ್ಸಿಲ್ ಮಾನ್ಯತೆ ಇಲ್ಲದ ಕಾಲೇಜನ್ನು ಪಟ್ಟಿಗೇ ಸೇರಿಸಲಿಲ್ಲ.

ಎರಡನೆಯದು ಪರೀಕ್ಷೆ. ಇಲ್ಲಿ ಮೂರು ದಾರಿಗಳಿವೆ.

ನಮ್ಮ ರಾಜ್ಯದ ಕಾಲೇಜುಗಳಿಗೆ ನಾಟಾ ಎಂಬ ಪರೀಕ್ಷೆ. ಈಗಿನ ಪದ್ಧತಿಯಲ್ಲಿ ಒಟ್ಟು 200 ಅಂಕ. ಅದರಲ್ಲಿ 80 ಅಂಕ ಚಿತ್ರ ಬಿಡಿಸುವುದಕ್ಕೆ ಮತ್ತು ಮಾದರಿ ಜೋಡಿಸುವುದಕ್ಕೆ, 120 ಅಂಕ ಕಂಪ್ಯೂಟರಿನಲ್ಲಿ ಉತ್ತರಿಸುವ ಪ್ರಶ್ನೆಗಳಿಗೆ. ಕೆಇಎಯವರು ರ‍್ಯಾಂಕ್ ಕೊಡುವಾಗ ನಾಟಾ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಹಿಡಿಯುತ್ತಾರೆ. ನಾಟಾ ಬರೆದರಷ್ಟೇ ಸಾಲದು, ಕೆಇಎಗೂ ಅರ್ಜಿ ಹಾಕಿರಬೇಕು. ಮೈಸೂರಿನಲ್ಲೇ ಮಾನಸಗಂಗೋತ್ರಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಇದೆ. ಖಾಸಗಿ ಕಾಲೇಜುಗಳೂ ಇವೆ. ಬೆಂಗಳೂರಿನ ಯುವಿಸಿಇಯಲ್ಲೂ ಬಿ.ಆರ್ಕ್. ಉಂಟು.

ಎನ್‌ಐಟಿಗಳಿಗೆ, ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ ಜೆಇಇ ಮೇನ್‌ನ 2ಎ ಪತ್ರಿಕೆ ಬರೆಯಬೇಕು. ಅದರಲ್ಲಿ ಗಣಿತ, ಆಪ್ಟಿಟ್ಯೂಡ್, ಚಿತ್ರ ಮೂರೂ ಇರುತ್ತವೆ. ನಮ್ಮ ಸುರತ್ಕಲ್ ಎನ್‌ಐಟಿಯಲ್ಲಿ ಬಿ.ಆರ್ಕ್. ಇಲ್ಲ. ಎಚ್.ಡಿ. ಕೋಟೆ ದಾಟಿ ವಯನಾಡಿನ ಘಾಟಿ ಇಳಿದರೆ ಸಿಗುವ ಕಲ್ಲಿಕೋಟೆ ಎನ್‌ಐಟಿಯಲ್ಲಿ ಇದೆ. ಆದರೆ ಅಲ್ಲಿ ಅರ್ಧ ಸೀಟು ಕೇರಳದ ಮಕ್ಕಳಿಗೇ ಮೀಸಲು.

ಮೂರನೆಯದು ಖರಗ್‌ಪುರ, ರೂರ್ಕಿಯಂಥ ಐಐಟಿ. ಅದಕ್ಕೆ ಜೆಇಇ ಅಡ್ವಾನ್ಸ್ಡ್ ಗೆದ್ದು, ಮೇಲೆ ಎಎಟಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಪಾಸು ಮಾಡಬೇಕು.

ಮೂರೂ ದಾರಿಗೆ ಒಂದೇ ಹೆಬ್ಬಾಗಿಲು: ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಲೇಬೇಕು. ಕಾಮರ್ಸ್‌ಗೆ ಹಾಕಿದರೆ ಅಲ್ಲಿಗೇ ಬಾಗಿಲು ಮುಚ್ಚಿತು. ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಮುಂದೆ ನೋಡೋಣ ಎನ್ನುವ ಹಾಗಿಲ್ಲ. ನೋಡಬೇಕಾದದ್ದು ಹತ್ತನೇ ತರಗತಿ ಮುಗಿದ ಈ ವಾರವೇ.

ಅಳಿಯಂದಿರಿಗೆ ಇದನ್ನು ಓದಿ ಹೇಳಿದೆ. "ನಮ್ಮ ಹಳ್ಳಿಗೆ ಆರ್ಕಿಟೆಕ್ಟ್ ಬೇಕಾ ಅಂತ ಹೇಳಲಿಲ್ಲವಲ್ಲ ಮಾವ" ಅಂದರು. ಅದಕ್ಕೆ ಉತ್ತರ ಕೊಟ್ಟವಳು ಮೊಮ್ಮಗಳೇ. "ಅಪ್ಪ, ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಹದವಾಗಲಿ ಅಂತ ಬಿಸಿ ಎಲ್ಲಿಂದ ಬರಬೇಕು, ಎಲ್ಲಿ ಹೊರಗೆ ಹೋಗಬೇಕು ಅಂತ ನೋಡಿ ಕಟ್ಟಿದ್ದೀರಿ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಯಾರು ನೋಡಿದ್ರು? ಏಪ್ರಿಲ್‌ನಲ್ಲಿ ಅಜ್ಜಿ ಮಧ್ಯಾಹ್ನ ಒಳಗೆ ಮಲಗೋಕಾಗದೆ ಹುಣಸೆಮರದ ಕೆಳಗೆ ಚಾಪೆ ಹಾಕ್ಕೋತಾರೆ" ಅಂದಳು. ಅಳಿಯಂದಿರು ಮಾತಾಡಲಿಲ್ಲ. ಆ ಅಜ್ಜಿ ಅವರ ತಾಯಿ.

ನಾನು ಬ್ಯಾಂಕಿನಲ್ಲಿದ್ದಾಗ ಗೃಹಸಾಲದ ಕಡತಗಳಲ್ಲಿ ನೂರಾರು ನಕ್ಷೆ ನೋಡಿದ್ದೇನೆ. ಊರು ಬೇರೆ, ಸರ್ವೆ ನಂಬರ್ ಬೇರೆ, ಮನೆ ಮಾತ್ರ ಒಂದೇ. ಕಾವೇರಿಯ ಪ್ರವಾಹದಲ್ಲಿ ನಲುಗಿದ ಎಡತೊರೆಯವರಿಗೆ ಯೋಜನೆ ಹಾಕಿ ಹೊಸ ಊರನ್ನೇ ಕಟ್ಟಿದ ಸೀಮೆ ನಮ್ಮದು. ಆ ಊರೇ ಇಂದಿನ ಕೆ.ಆರ್. ನಗರ.

ಕೊನೆಯ ಕಾಲಂ ಖರ್ಚಿನದು. ಸರ್ಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಬಹಳ ಅಂತರ. ಹಾಸ್ಟೆಲ್, ಡ್ರಾಯಿಂಗ್ ಸಾಮಾನು, ಲ್ಯಾಪ್‌ಟಾಪ್ ಬೇರೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಆದರೆ ಓದುವ ಅವಧಿಯಲ್ಲೂ ಬಡ್ಡಿ ಓಡುತ್ತಿರುತ್ತದೆ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದೆ.

"ಪಿಸಿಎಂಸಿ ತಗೊಂಡ್ರೆ ಆಮೇಲೆ ಸಿವಿಲ್‌ಗೂ ಹೋಗಬಹುದಲ್ವಾ?" ಎಂದು ಅಳಿಯಂದಿರು ಎರಡು ಸಲ ಕೇಳಿದರು. ಹೋಗಬಹುದು ಎಂದೆ. ಅರ್ಜಿಗೆ ಸಹಿ ಬಿತ್ತು.

ಅವಳು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೆಇಎ ಸೀಟು ಹಂಚಿಕೆಯಲ್ಲಿ ಇವೆರಡಕ್ಕೂ ಮೀಸಲಾತಿ ಇದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಎರಡು ವರ್ಷ ಕಾಯುವುದೇಕೆ? ಸೋಮವಾರವೇ ಪಿರಿಯಾಪಟ್ಟಣದ ಬಸ್ಸು ಹತ್ತುತ್ತೇನೆ.