ಓಡಿದ್ದು ಟಾಮ್ ಕ್ರೂಸ್... ಉಳಿದದ್ದು ಶೀತಾಂಗ್!

'ಮಿಷನ್: ಇಂಪಾಸಿಬಲ್' ಸರಣಿಯ ಮೂರನೇ ಚಿತ್ರ ನೋಡಿದ ರಸಿಕರಿಗೆ ಆ ಓಟ ಮರೆತಿರಲಾರದು. ಕ್ಲೈಮ್ಯಾಕ್ಸ್ ಹತ್ತಿರ ಬಂದಿದೆ. ಹೆಂಡತಿ ವಿಲನ್ ಕೈಲಿ. ಹೀರೋ ಟಾಮ್ ಕ್ರೂಸ್ ಕಿವಿಗೆ ಫೋನು ಹಚ್ಚಿಕೊಂಡು ಓಡುತ್ತಾನೆ... ಓಡುತ್ತಾನೆ... ಓಡುತ್ತಲೇ ಇರುತ್ತಾನೆ! ಒಂದು ಪಕ್ಕ ಕಾಲುವೆ, ಇನ್ನೊಂದು ಪಕ್ಕ ಕರಿಹೆಂಚಿನ ಮನೆಗಳ ಸಾಲು, ನಡುವೆ ಕಲ್ಲಿನ ಸೇತುವೆ. ಅಮೆರಿಕದಲ್ಲಿ ಕೂತ ಗೆಳೆಯ ಫೋನಿನಲ್ಲೇ ದಾರಿ ಹೇಳುತ್ತಿದ್ದಾನೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಬೀಳುವ ಜಾಗ ಅದು.

ಚಿತ್ರದಲ್ಲಿ ಆ ಊರು ಶಾಂಘೈ. ಅದು ಸಿನಿಮಾ ಸುಳ್ಳು ಸ್ವಾಮಿ! ಆ ಬೀದಿ ಇರುವುದು ಶೀತಾಂಗ್ ಎಂಬ ಹಳೇ ಊರಲ್ಲಿ. ಝೆಜಿಯಾಂಗ್ ಪ್ರಾಂತದ ಜಿಯಾಶಾನ್ ಕೌಂಟಿಗೆ ಸೇರಿದ್ದು. ಶಾಂಘೈಯಿಂದ ಸುಮಾರು 90 ಕಿಲೋಮೀಟರು. ಅಂದರೆ ನಮ್ಮ ಹೀರೋ ಶಾಂಘೈಯ ಮುಗಿಲೆತ್ತರದ ಕಟ್ಟಡದಿಂದ ಹಾರಿ, ಸ್ವಲ್ಪ ಹೊತ್ತಿಗೆಲ್ಲ ಇನ್ನೊಂದು ಪ್ರಾಂತದಲ್ಲಿ ಓಡುತ್ತಿದ್ದಾನೆ. ಎಡಿಟರ್ ಕತ್ತರಿಯ ಮುಂದೆ 90 ಕಿಲೋಮೀಟರು ಯಾವ ಲೆಕ್ಕ!

ನಮ್ಮ ನಿಮ್ಮಂಥವರು ಹೋಗಬೇಕಾದರೆ ಶಾಂಘೈಯ ಹೊಂಗ್‌ಚ್ಯಾವ್ ನಿಲ್ದಾಣದಲ್ಲಿ ಬುಲೆಟ್ ರೈಲು ಹತ್ತಬೇಕು. ಅರ್ಧ ಗಂಟೆಯೊಳಗೆ ಜಿಯಾಶಾನ್ ದಕ್ಷಿಣ ಸ್ಟೇಷನ್ನು. ಅಲ್ಲಿಂದ ಬಸ್ಸು. ಊರ ಬಾಗಿಲಲ್ಲಿ ಟಿಕೆಟ್ ಇಟ್ಟಿದ್ದಾರೆ, ಟಾಕೀಸಿನ ಹಾಗೆ! ಜನ ಸಂಸಾರ ಮಾಡಿಕೊಂಡಿರುವ ಬೀದಿ ನೋಡೋದಕ್ಕೂ ಟಿಕೆಟ್ಟೇ ಅಂತ ಮೊದಲು ಮುಖ ಗಂಟಿಕ್ಕಿತು. ಒಳಗೆ ಹೋದ ಮೇಲೆ ಮರೆತೆವು.

ಮರೆಸುವುದು ಏನು ಗೊತ್ತೆ? ಚಾವಣಿ! ಕಾಲುವೆ ದಂಡೆಯ ಬೀದಿಗೇ ಚಾವಣಿ ಹಾಕಿದ್ದಾರೆ. ಮರದ ಕಂಬ, ಮರದ ತೊಲೆ, ಮೇಲೆ ಹೆಂಚು. ಎಲ್ಲ ಸೇರಿಸಿದರೆ ಒಂದು ಕಿಲೋಮೀಟರಿಗೂ ಹೆಚ್ಚು. ಆ ಸೀಮೆಯಲ್ಲಿ ಮಳೆ ಜಾಸ್ತಿ. ಹಿಂದೆ ವ್ಯಾಪಾರವೆಲ್ಲ ದೋಣಿಯಲ್ಲಿ. ಸರಕು ಇಳಿಸುವವನೂ ನೆನೆಯಬಾರದು, ಕೊಳ್ಳುವ ಗಿರಾಕಿಯೂ ನೆನೆಯಬಾರದು, ಅದಕ್ಕೇ ಈ ಏರ್ಪಾಡು. ಟಾಮ್ ಕ್ರೂಸ್ ಓಡಿದ್ದೂ ಇಂಥ ಬೀದಿಯಲ್ಲೇ.

ಈ ಚಾವಣಿಗೆ ಒಂದು ಕಥೆಯೂ ಇದೆ. ಗಂಡ ಸತ್ತ ಹೆಣ್ಣೊಬ್ಬಳು ಅಂಗಡಿ ನಡೆಸುತ್ತಿದ್ದಳಂತೆ. ಅವಳ ಅಂಗಡಿಯ ಮುಂದೆ ಒಬ್ಬ ತೋಫು (ಸೋಯಾ ಕಾಳಿನ ಗಿಣ್ಣು ಅನ್ನಿ) ಮಾರುತ್ತ ಕೂರುತ್ತಿದ್ದನಂತೆ. ಭಾರ ಎತ್ತುವ ಕೆಲಸಕ್ಕೆಲ್ಲ ಅವನೇ ನೆರವು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಲಾರದ ಆಕೆ ಅಂಗಡಿ ರಿಪೇರಿ ನೆಪದಲ್ಲಿ ಅವನು ಕೂರುವ ಜಾಗಕ್ಕೂ ಸೂರು ಹಾಕಿಸಿದಳು. ಮಳೆ ಬಂತೆಂದರೆ ಜನ ಅಲ್ಲೇ ನಿಂತರು, ವ್ಯಾಪಾರ ಕುದುರಿತು. ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಅವರೂ ಹಾಕಿಸಿದರು! ನಿಜವೋ ಕಟ್ಟುಕಥೆಯೋ, ಒಂದೇ ಒಂದು ಡ್ಯುಯೆಟ್ ಇಲ್ಲದ ಲವ್ ಸ್ಟೋರಿ.

ಇನ್ನು ಓಣಿಗಳು. ಶಿಪಿ ಓಣಿ ಅಂತ ಒಂದಿದೆ, ಎರಡು ದೊಡ್ಡ ಮನೆಗಳ ಗೋಡೆ ನಡುವೆ. 68 ಮೀಟರ್ ಉದ್ದ, ಅತಿ ಇಕ್ಕಟ್ಟಿನ ಕಡೆ ಅಗಲ 80 ಸೆಂಟಿಮೀಟರ್. ಎದುರಿಗೆ ದಪ್ಪನೆಯ ಮನುಷ್ಯ ಬಂದರೆ ಇಬ್ಬರಲ್ಲೊಬ್ಬರು ಹಿಂದಕ್ಕೆ ಹೋಗಬೇಕು! ನೆಲಕ್ಕೆ ಹಾಸಿದ ಕಲ್ಲು ಚರ್ಮದ ಹಾಗೆ ತೆಳು, ಶಿಪಿ ಅಂದರೂ ಅದೇ, ಕಲ್ಲಿನ ಚರ್ಮ. ಅದರಡಿಯಲ್ಲಿ ನೀರು ಹೋಗಲು ಮೋರಿ. ಫೈಟ್ ಮಾಸ್ಟರುಗಳು ಈ ಓಣಿ ನೋಡಿದರೆ ಬಿಡುತ್ತಾರೆಯೇ?

ನಿಜವಾದ ಫೈಟು ನಡೆದದ್ದು ಮಾತ್ರ ಬಟ್ಟೆ ವಿಚಾರಕ್ಕೆ. ಕೇಳಿ.

2005ರ ಕೊನೆಗೆ ಡೈರೆಕ್ಟರ್ ಜೆ. ಜೆ. ಅಬ್ರಾಮ್ಸ್ ತಂಡ ಬಂದು ಶೂಟಿಂಗ್ ಮುಗಿಸಿತು. 2006ರ ಮೇ ತಿಂಗಳಲ್ಲಿ ಚಿತ್ರ ಅಮೆರಿಕದಲ್ಲಿ ತೆರೆ ಕಂಡಿತು. ಚೀನಾದಲ್ಲಿ ಬಿಡುಗಡೆಯಾದದ್ದು ಜುಲೈನಲ್ಲಿ, ಅದೂ ಕತ್ತರಿ ಬಿದ್ದ ಮೇಲೆ. ಶಾಂಘೈ ಅಂತ ತೋರಿಸಿದ ಬೀದಿಯಲ್ಲಿ ಬಿದಿರ ಗಳಕ್ಕೆ ಒಣಹಾಕಿದ ಬಟ್ಟೆ, ಒಳಉಡುಪು ಸಮೇತ, ಸೆನ್ಸಾರಿನವರಿಗೆ ಹಿಡಿಸಲಿಲ್ಲವೆಂದು ಆಗಿನ ಪತ್ರಿಕೆಗಳು ಬರೆದವು. ಕೋಟಿಗಟ್ಟಲೆ ಸುರಿದು ಕಟ್ಟಿದ ಮಹಾನಗರ, ಜಗತ್ತಿನ ಕಣ್ಣಿಗೆ ಬಿದ್ದದ್ದು ಒದ್ದೆ ಬನೀನು!

ನಮ್ಮನ್ನು ಕೇಳಿದರೆ, ಆ ಬನೀನೇ ಶೀತಾಂಗಿನ ಪ್ರಾಣ. ಇವತ್ತಿಗೂ ಅಲ್ಲಿ ಮನೆ ಮಹಡಿಯಿಂದ ಗಳ ಚಾಚಿರುತ್ತದೆ. ಬೆಳಗ್ಗೆ ಬೇಗ ಎದ್ದು ಹೋಗಿ ನೋಡಿ. ಪ್ರವಾಸಿಗಳ ಗುಂಪು ಇನ್ನೂ ಬಂದಿರುವುದಿಲ್ಲ. ಅಜ್ಜಿಯರು ಸೋಪಾನದ ಮೇಲೆ ಕುಕ್ಕರಗಾಲಲ್ಲಿ ಕೂತು ಸೊಪ್ಪು ತೊಳೆಯುತ್ತಾರೆ. ಯಾರೋ ತಾತ ಲುಂಗಿಯಂಥ ಚಡ್ಡಿಯಲ್ಲಿ ಚಹಾ ಹೀರುತ್ತ ನಮ್ಮನ್ನೇ ದಿಟ್ಟಿಸುತ್ತಾನೆ, ನಾವೇ ಅವನಿಗೆ ಸಿನಿಮಾ. ಆ ತಾತನಿಗೆ ಯಾವ ಡೈರೆಕ್ಟರೂ 'ಆಕ್ಷನ್' ಹೇಳಿಲ್ಲ.

ಇದು ಯಾಕೆ ದೊಡ್ಡ ಮಾತು ಅಂದರೆ, ಹತ್ತಿರದಲ್ಲೇ ವೂಜೆನ್ ಅಂತ ಇನ್ನೊಂದು ಕಾಲುವೆ ಊರಿದೆ. ಸಾಹಿತಿ ಮಾವೋ ದುನ್ ಹುಟ್ಟಿದ ಊರು. ಹ್ವಾಂಗ್ ಲೇ ನಿರ್ದೇಶಿಸಿ ನಟಿಸಿದ 2003ರ ಟೀವಿ ಸೀರಿಯಲ್ಲಿನಿಂದ ಹೆಸರಾಯಿತು, 2013ರಲ್ಲಿ ನಾಟಕೋತ್ಸವವೂ ಶುರುವಾಯಿತು. ಅದರ ಪಶ್ಚಿಮ ಭಾಗವನ್ನು ಒಂದು ಕಂಪನಿ ಕೈಗೆ ತೆಗೆದುಕೊಂಡು, ಮನೆಯವರನ್ನು ಬೇರೆ ಕಡೆ ಕಳಿಸಿ, ತಂತಿ ಪೈಪುಗಳನ್ನೆಲ್ಲ ನೆಲದೊಳಗೆ ಹೂತು ಹೊಸದಾಗಿ ರಿಪೇರಿ ಮಾಡಿಸಿತು. ಕೆಲವರು ತಮ್ಮದೇ ಹಳೇ ಬೀದಿಗೆ ನೌಕರರಾಗಿ ವಾಪಸು ಬಂದರು. ರಾತ್ರಿ ದೀಪ ಹಚ್ಚಿದರೆ, ಆಹಾ, ಒಂದು ಫ್ರೇಮೂ ತಪ್ಪಿಲ್ಲ! ಕ್ಯಾಮೆರಾಮನ್‌ಗೆ ಸ್ವರ್ಗ. ಆದರೆ ಅಡಿಗೆ ಮನೆಯಿಂದ ಒಗ್ಗರಣೆ ವಾಸನೆ ಬರದ ಬೀದಿಯನ್ನು ನಾವು ಊರು ಅನ್ನುವುದಿಲ್ಲ, ಸೆಟ್ಟು ಅಂತೇವೆ.

ಶೀತಾಂಗ್ ಏನು ಪರಿಶುದ್ಧವೇ? ಎಲ್ಲಿಯ ಮಾತು! ಸಂಜೆಯಾದರೆ ಬಾರ್ ಬೀದಿಯ ಸ್ಪೀಕರುಗಳ ಅಬ್ಬರಕ್ಕೆ ಕಿವಿ ಮುಚ್ಚಿಕೊಳ್ಳಬೇಕು. ಅನೇಕ ಮನೆಗಳು ಲಾಡ್ಜು, ಅಂಗಡಿಗಳಾಗಿವೆ. ಹತ್ತಾರು ಹುಡುಗಿಯರು ಹಳೇ ಕಾಲದ ರೇಷ್ಮೆ ಉಡುಪು ತೊಟ್ಟು ಸೇತುವೆ ಮೇಲೆ ಪೋಸು ಕೊಡುತ್ತಾರೆ. ಬಾಡಿಗೆ ಚೆನ್ನಾಗಿ ಬಂದರೆ ಇನ್ನೆಷ್ಟು ತಾತಂದಿರು ಅಲ್ಲಿ ಉಳಿದಾರು, ಹೇಳಿ?

ಇಂಥ ಊರುಗಳು ಉಳಿದದ್ದೇ ಪವಾಡ. 1980ರ ದಶಕದಲ್ಲಿ ಹಳೇ ಮನೆ ಕೆಡವಿ ರಸ್ತೆ, ಫ್ಯಾಕ್ಟರಿ ಮಾಡುವ ಭರಾಟೆ. ಶಾಂಘೈಯ ತೋಂಗ್ಜಿ ವಿಶ್ವವಿದ್ಯಾಲಯದ ಪ್ರೊಫೆಸರ್ ರುವಾನ್ ಯೀಸಾನ್ ಊರೂರು ಅಲೆದು, ಕೆಡವಬೇಡಿ ಅಂತ ಪಟ್ಟು ಹಿಡಿದು, ಉಳಿಸುವ ಪ್ಲಾನು ಬರೆದುಕೊಟ್ಟರು. ಅದೇ ಹೊತ್ತಿಗೆ ಚೆನ್ ಯೀಫೇ ಎಂಬ ಚಿತ್ರಕಾರ ಬರೆದ ಝೌಝುವಾಂಗ್ ಊರಿನ ಜೋಡಿ ಸೇತುವೆಯ ಚಿತ್ರವನ್ನು ಅಮೆರಿಕದ ಎಣ್ಣೆ ಸಾಹುಕಾರ ಆರ್ಮಂಡ್ ಹ್ಯಾಮರ್ ಕೊಂಡು, 1984ರಲ್ಲಿ ಡೆಂಗ್ ಶಿಯಾಪಿಂಗ್ ಅವರಿಗೆ ಉಡುಗೊರೆ ಕೊಟ್ಟ. ಅಲ್ಲಿಗೆ ಕಾಲುವೆ ಊರುಗಳಿಗೆ ಶುಕ್ರದೆಸೆ! 2003ರಲ್ಲಿ ಶೀತಾಂಗ್ ಸೇರಿ ಆರು ಊರುಗಳಿಗೆ ಯುನೆಸ್ಕೋ ಪ್ರಶಸ್ತಿಯೂ ಬಂತು.

ಹೋಗುವುದಾದರೆ ವಾರದ ನಡುವೆ ಹೋಗಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು, ಚಾವಣಿ ಇದೆಯಲ್ಲ. ಮಾಂಸ ತಿನ್ನುವವರು ತಾವರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಹಂದಿ ಮಾಂಸ ಬಿಡಬೇಡಿ. ನಾರುವ ತೋಫುವಿನ ಹತ್ತಿರ ಮೂಗು ಹಿಡಿದೇ ಹೋಗಿ, ನಾಲಿಗೆಗೆ ಮೋಸವಿಲ್ಲ. ಅಂದ ಹಾಗೆ, ಆ ಊರಲ್ಲಿ ಗುಂಡಿಯ ಮ್ಯೂಸಿಯಂ ಒಂದಿದೆ. ಹೌದು, ಶರ್ಟಿನ ಗುಂಡಿ! ಅಲ್ಲಿ ಗುಂಡಿ ತಯಾರಿಕೆ ದೊಡ್ಡ ಕಸುಬು. ಚಿಪ್ಪಿನದು, ಮೂಳೆಯದು, ಲೋಹದ್ದು ಅಂತ ಸಾಲಾಗಿ ಜೋಡಿಸಿಟ್ಟಿದ್ದಾರೆ. ನಮ್ಮ ಜತೆ ಬಂದಿದ್ದ ಗೆಳೆಯ ತನ್ನ ಶರ್ಟಿನ ಕಿತ್ತುಹೋದ ಎರಡನೇ ಗುಂಡಿಗೆ ಜೋಡಿ ಹುಡುಕುತ್ತ ಅಲ್ಲೇ ಅರ್ಧ ಗಂಟೆ ನಿಂತ.